ಅವ್ವನಿಗೆ ಹಲ್ಲಿನ ಬ್ರಿಡ್ಜ್ ಹಾಕಿಸಬೇಕು: ಹಾಕಿಸಿಕೊಂಡವರು ಅನುಭವ ಹೇಳಿ

ಕೇಳಿದವರು, ಶಹಾಪುರ

ಎಲ್ಲರಿಗೂ ನಮಸ್ಕಾರ. ಅವ್ವನಿಗೆ 56 ವರ್ಷ, ಶುಗರ್ ಇದೆ. ಕೆಳಗೆ ಬಲಗಡೆಯ ದೊಡ್ಡ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು, ಯುಗಾದಿ ಮುಗಿದ ಮೇಲೆ ಕೀಳಿಸಿದೆವು. ಅಂದಿನಿಂದ ಎಡಗಡೆ ಮಾತ್ರ ಅಗಿಯುತ್ತಾರೆ. ಖಡಕ್ ರೊಟ್ಟಿ ಬಿಟ್ಟೇ ಬಿಟ್ಟಿದ್ದಾರೆ, ಬಿಸಿ ರೊಟ್ಟಿಯನ್ನೂ ಬೇಳೆಯಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಒಬ್ಬ ಡಾಕ್ಟರ್ ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಧಾರದ ಮೇಲೆ ಕೂರುವ ಹಲ್ಲು) ಹಾಕೋಣ ಅಂದರು, ಇನ್ನೊಬ್ಬರು ಇಂಪ್ಲಾಂಟೇ (ದವಡೆಯೊಳಗೆ ಸ್ಕ್ರೂ ಹಾಕಿ ಕೂರಿಸುವ ಹಲ್ಲು) ಒಳ್ಳೆಯದು ಅಂದರು. ನಮ್ಮ ಕಾಕಾ, ಒಂದು ಹಲ್ಲಿಗೆ ಯಾಕಷ್ಟು ಖರ್ಚು, ಸುಮ್ನೆ ಬಿಡಿ ಅನ್ನುತ್ತಾರೆ. ಹಾಕಿಸಿಕೊಂಡವರು ದಯವಿಟ್ಟು ಹೇಳಿ. ನೋವು ಇರುತ್ತಾ? ಎಷ್ಟು ವರ್ಷ ಬಾಳಿಕೆ ಬರುತ್ತದೆ? ಕಲಬುರಗಿಗೇ ಹೋಗಬೇಕಾ?

ಕಲಬುರಗಿಯಿಂದ

ತಂಗೀ, ನನಗೂ ಅದೇ ಜಾಗದಲ್ಲಿ ಬ್ರಿಡ್ಜ್ ಇದೆ. ಹಾಕಿಸಿ ಬಹಳ ವರ್ಷ ಆಯಿತು, ಇವತ್ತಿಗೂ ಗಟ್ಟಿ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾಕಾನ ಮಾತು. ಸುಮ್ನೆ ಬಿಟ್ಟರೆ ಆ ಜಾಗ ಸುಮ್ನೆ ಇರೋದಿಲ್ಲ. ಹಿಂದಿನ ಹಲ್ಲು ಮೆಲ್ಲಗೆ ಮುಂದಕ್ಕೆ ವಾಲುತ್ತದೆ. ಮೇಲಿನ ಹಲ್ಲಿಗೆ ಎದುರು ಹಲ್ಲು ಇಲ್ಲದ್ದಕ್ಕೆ ಅದು ಕೆಳಗೆ ಇಳಿಯುತ್ತದೆ. ಆಮೇಲೆ ಹಾಕಿಸೋಣ ಅಂದರೆ ಜಾಗವೇ ಸಾಲದೆ ಕೆಲಸ ದುಪ್ಪಟ್ಟಾಗುತ್ತದೆ. ಹಾಗಂತ ಕಿತ್ತ ಮರುವಾರವೇ ಹಾಕಿಸುವುದೂ ಬೇಡ. ಹಲ್ಲು ಕಿತ್ತ ಕಡೆ ಮೂಳೆ, ಒಸಡು ಎರಡೂ ಕುಗ್ಗುತ್ತವೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಪಕ್ಕಾ ಬ್ರಿಡ್ಜ್ ಹಾಕುತ್ತಾರೆ. ನಮ್ಮ ವೈನಿಗೆ ಒಂದು ಕಡೆ ಅವಸರದಲ್ಲಿ ಹಾಕಿಬಿಟ್ಟರು. ವರ್ಷ ತುಂಬುವಷ್ಟರಲ್ಲಿ ಕೆಳಗೆ ಸಂದಿ ಬಿದ್ದು, ಉಂಡದ್ದೆಲ್ಲ ಅಲ್ಲೇ ಕೂರುತ್ತಿತ್ತು.

ಈಗ ಮುಖ್ಯವಾದ ಮಾತು. ಎಲ್ಲರೂ ಹೋದ ಹಲ್ಲಿನ ಬಗ್ಗೆಯೇ ಕೇಳುತ್ತಾರೆ. ನೀನು ಅದರ ಹಿಂದೆ ಮುಂದೆ ಇರುವ ಎರಡು ಹಲ್ಲಿನ ಬಗ್ಗೆ ಕೇಳು. ಆ ಎರಡನ್ನೂ ಸುತ್ತ ತೇಯ್ದು ಸಣ್ಣ ಮಾಡಿ, ಅವುಗಳ ಮೇಲೆ ಕ್ಯಾಪ್ ಕೂರಿಸುತ್ತಾರೆ. ನಡುವಿನ ಹೊಸ ಹಲ್ಲು ಆ ಕ್ಯಾಪ್‌ಗಳಿಗೆ ಅಂಟಿಕೊಂಡೇ ಇರುತ್ತದೆ. ಎರಡು ಗೋಡೆ ಮೇಲೆ ಜಂತಿ ಕೂರಿಸಿದ ಹಾಗೆ. ಗೋಡೆ ಸಡಿಲ ಇದ್ದರೆ ಎಂಥ ಸಾಗವಾನಿ ಜಂತಿ ಹಾಕಿದರೂ ನಿಲ್ಲೋದಿಲ್ಲ. ತೇಯ್ದ ಹಲ್ಲಿನ ಮೇಲ್ಪದರ ಮತ್ತೆ ಬೆಳೆಯೋದಿಲ್ಲ, ಇದನ್ನು ಅವ್ವನಿಗೆ ಮೊದಲೇ ಹೇಳಿಬಿಡು. ಅದಕ್ಕೇ ಪಕ್ಕದ ಹಲ್ಲು ಎರಡೂ ಚೆನ್ನಾಗಿದ್ದರೆ ಇಂಪ್ಲಾಂಟ್ ಯೋಚಿಸಬೇಕು. ಅವಕ್ಕೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದ್ದು, ಹೇಗೂ ಕ್ಯಾಪ್ ಬೇಕು ಅನ್ನುವಂತಿದ್ದರೆ ಬ್ರಿಡ್ಜ್ ಒಳ್ಳೆಯ ದಾರಿ. ಎಕ್ಸ್‌-ರೇ ತೆಗೆಸದೆ ಇದನ್ನು ಯಾರೂ ಹೇಳಲಾಗದು. ಬೇರು ಗಟ್ಟಿ ಇದೆಯಾ, ಸುತ್ತ ಮೂಳೆ ಎಷ್ಟು ಉಳಿದಿದೆ ಅಂತ ನೇರವಾಗಿ ಕೇಳು.

ನೋವಿನ ವಿಷಯ: ತೇಯುವಾಗ ಇಂಜೆಕ್ಷನ್ ಕೊಡುತ್ತಾರೆ, ನೋವಾಗೋದಿಲ್ಲ. ಬಾಯಿ ತೆರೆದು ಕೂರುವುದೇ ಬೇಸರ. ಪುಟ್ಟಿ ಅನ್ನುವ ಮೆತ್ತನೆಯ ಹಿಟ್ಟಿನಂಥದ್ದರಲ್ಲಿ ಹಲ್ಲಿನ ಅಚ್ಚು ತಗೊಂಡು ಲ್ಯಾಬಿಗೆ ಕಳಿಸುತ್ತಾರೆ. ಅದು ಬರುವವರೆಗೆ ತಾತ್ಕಾಲಿಕ ಕ್ಯಾಪ್ ಹಾಕಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಕೊನೆಗೆ ಕೂರಿಸುವ ದಿನ ನೀಲಿ ಕಾಗದ ಕಚ್ಚಿಸಿ ನೋಡುತ್ತಾರೆ. ಎಲ್ಲಿ ಗಾಢವಾಗಿ ಗುರುತು ಬೀಳುತ್ತದೋ ಅಲ್ಲಿ ಎತ್ತರ ಜಾಸ್ತಿ. ಅಲ್ಲಿ ನಾಚಿಕೆ ಬೇಡ, ಚೂರು ಎತ್ತರ ಅನಿಸಿದರೂ ಅಲ್ಲೇ ಹೇಳಿ ತೇಯಿಸಿಕೊಳ್ಳಬೇಕು.

ಬಾಳಿಕೆ 10ರಿಂದ 15 ವರ್ಷ ಅಂತ ಲೆಕ್ಕ. ಅದು ನಿಂತಿರುವುದು ತೊಳೆಯುವುದರ ಮೇಲೆ. ನಡುವಿನ ಹಲ್ಲಿಗೆ ಬೇರಿಲ್ಲ, ಒಸಡಿನ ಮೇಲೆ ಸುಮ್ನೆ ಕೂತಿರುತ್ತದೆ. ಅದರ ಕೆಳಗೆ ಬ್ರಷ್ ಹೋಗೋದಿಲ್ಲ. ಪುಂಡಿ ಪಲ್ಯದ ನಾರು, ಶೇಂಗಾ ಹಿಂಡಿ, ರೊಟ್ಟಿಯ ಪುಡಿ ಎಲ್ಲ ಅಲ್ಲೇ ಸೇರುತ್ತವೆ. ಸೂಪರ್‌ಫ್ಲಾಸ್ ಅಂತ ದಾರ ಬರುತ್ತದೆ. ಅದರ ಒಂದು ತುದಿ ಗಡುಸು, ನಡುವೆ ಉಬ್ಬಿದ ಸ್ಪಂಜಿನ ಥರ, ಆಮೇಲೆ ಮಾಮೂಲಿ ದಾರ. ಗಡುಸು ತುದಿಯನ್ನು ಕೆನ್ನೆ ಕಡೆಯಿಂದ ಬ್ರಿಡ್ಜಿನ ಸಂದಿಗೆ ತೂರಿಸಿ, ನಾಲಿಗೆ ಕಡೆ ಹೊರಗೆ ಎಳೆದು, ಸ್ಪಂಜು ಒಳಗೆ ಬಂದ ಮೇಲೆ ಹಿಂದೆ ಮುಂದೆ ಆಡಿಸಬೇಕು. ಎರಡೂ ಕ್ಯಾಪಿನ ಗೋಡೆಗೆ ಒತ್ತಿ ಒರೆಸಬೇಕು. ರಾತ್ರಿ ಊಟ ಆದ ಮೇಲೆ ಇದನ್ನು ಬಿಡಲೇಬಾರದು. ಅವ್ವನಿಗೆ ಕಣ್ಣು ಮಂದ ಇದ್ದರೆ ಮೊದಮೊದಲು ನೀನೇ ಕೈಹಿಡಿದು ಮಾಡಿಸು.

ಬೀದರಿನಿಂದ

ಶುಗರ್ ಇದೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೂ ಶುಗರ್, ಅವರು ಇಂಪ್ಲಾಂಟ್ ಮಾಡಿಸಿಕೊಂಡರು. ಡಾಕ್ಟರ್ ಮೊದಲು ಕೇಳಿದ್ದು ಎಚ್‌ಬಿಎ1ಸಿ ರಿಪೋರ್ಟ್. ಆವತ್ತು ಬೆಳಿಗ್ಗೆ ನೋಡಿದ ಶುಗರ್ ಸಾಲದು, ಹಿಂದಿನ ಎರಡು ಮೂರು ತಿಂಗಳದ್ದು ಬೇಕು. ಅವರದು ಜಾಸ್ತಿ ಇತ್ತು. 7ರ ಹತ್ತಿರ ಇಳಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಆಗ ಬೇಜಾರಾಗಿತ್ತು, ಈಗ ಆ ಡಾಕ್ಟರ್ ಬಗ್ಗೆ ತುಂಬಾ ಗೌರವ ಇದೆ. ಇಂಪ್ಲಾಂಟ್ ಅಂದರೆ ಟೈಟಾನಿಯಂ ಸ್ಕ್ರೂ, ಅದರ ಸುತ್ತ ಮೂಳೆ ಬೆಳೆದು ಹಿಡಿದುಕೊಳ್ಳಬೇಕು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಬೇಗ ಮಾಯೋದಿಲ್ಲ. ಕೆಳದವಡೆಯಲ್ಲಿ ನರ ಹಾದುಹೋಗುತ್ತದೆ ಅಂತ ಸ್ಕ್ಯಾನ್ ಕೂಡ ಮಾಡಿಸಿದರು. ಸ್ಕ್ರೂ ಹಾಕಿ ಮೂರು ತಿಂಗಳಿಗೂ ಜಾಸ್ತಿ ಕಾದು ಆಮೇಲೆ ಹಲ್ಲು ಕೂರಿಸಿದರು. ಪಕ್ಕದ ಹಲ್ಲು ಮುಟ್ಟಲೇ ಇಲ್ಲ, ಅದು ನನಗೆ ಸಮಾಧಾನ.

ಬ್ರಿಡ್ಜ್ ಹಾಕಿಸುವುದಾದರೂ ಶುಗರ್ ನೋಡಿಕೊಳ್ಳಿ ಅಕ್ಕಾ. ಶುಗರ್ ಏರಿದರೆ ಒಸಡು ಊದಿ, ಆಧಾರದ ಹಲ್ಲು ಸಡಿಲ ಆಗುತ್ತವೆ. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನೂ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು.

ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವವರು, ಕಲಬುರಗಿ

ದರದ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಹಲ್ಲು ಹೋಗಿದೆ ಅಂತ ಒಂದು ಹಲ್ಲಿನ ದರ ಲೆಕ್ಕ ಹಾಕಿಕೊಂಡು ಹೋಗಬೇಡಿ. ಎರಡು ಕ್ಯಾಪ್, ನಡುವೆ ಒಂದು ಹಲ್ಲು, ಒಟ್ಟು ಮೂರು ಯೂನಿಟ್. ಹೇಳಿದ ದರ ಒಂದು ಯೂನಿಟ್ಟಿಗಾ, ಪೂರ್ತಿ ಬ್ರಿಡ್ಜಿಗಾ ಅಂತ ಕೇಳಿ. ಪಕ್ಕದ ಹಲ್ಲಿಗೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬುವುದು) ಬೇಕಾದರೆ ಅದರ ಖರ್ಚು ಬೇರೆ.

ಬರೀ ಮೆಟಲ್ಲಿನದು ಅಗ್ಗ. ಅದಕ್ಕಿಂತ ದರ ಜಾಸ್ತಿ ಮೆಟಲ್-ಸೆರಾಮಿಕ್‌ಗೆ, ಅದಕ್ಕಿಂತಲೂ ಜಾಸ್ತಿ ಮೆಟಲ್ ಇಲ್ಲದ ಜಿರ್ಕೋನಿಯಾಕ್ಕೆ. ಮೆಟಲ್-ಸೆರಾಮಿಕ್‌ನಲ್ಲಿ ಮೇಲಿನ ಸೆರಾಮಿಕ್ ಕೆಲವೊಮ್ಮೆ ಚಕ್ಕೆ ಏಳುತ್ತದೆ. ಒಸಡು ಸರಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಹಿಂದಿನ ಹಲ್ಲಾದರೆ ಅದೇನು ದೊಡ್ಡ ವಿಷಯವಲ್ಲ. ಜಿರ್ಕೋನಿಯಾ ತುಂಬಾ ಗಟ್ಟಿ. ಆದರೆ ಕೂರಿಸುವಾಗ ತೇಯ್ದರೆ ಮತ್ತೆ ಪಾಲಿಶ್ ಮಾಡಲೇಬೇಕು, ಇಲ್ಲದಿದ್ದರೆ ಎದುರಿನ ಹಲ್ಲನ್ನು ಸವೆಸುತ್ತದೆ. ವಾರಂಟಿ ಕಾರ್ಡ್ ಕೊಟ್ಟರೆ ಓದಿ ನೋಡಿ. ಸಾಮಾನ್ಯವಾಗಿ ಅದು ಬ್ರಿಡ್ಜ್ ಒಡೆದರೆ ಮಾತ್ರ. ಒಳಗಿನ ಹಲ್ಲು ಹುಳುಕಾದರೆ ಅದರಲ್ಲಿ ಬರೋದಿಲ್ಲ.

ನಮ್ಮ ಭಾಗದ ಇನ್ನೊಂದು ಸಂಗತಿ ಇದೆ. ಕಲಬುರಗಿ, ಯಾದಗಿರಿ ಕಡೆ ಎಷ್ಟೋ ಊರಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟಿ, ಸುಣ್ಣದಂಥ ಬಿಳಿ ಕಲೆ ಇರುತ್ತದೆ. ಬಣ್ಣ ಹೊಂದಿಸುವ ಶೇಡ್ ಗೈಡ್‌ನಲ್ಲಿ 16 ಬಣ್ಣ ಇದ್ದರೂ ಅಂಥ ಹಲ್ಲಿಗೆ ಒಂದೂ ಸರಿಹೋಗೋದಿಲ್ಲ. ಮುಂದಿನ ಹಲ್ಲಾದರೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಲ್ಯಾಬಿಗೆ ಕಳಿಸಲು ಡಾಕ್ಟರಿಗೆ ಹೇಳಿ. ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣ ನಂಬಬೇಡಿ. ಫೋಟೋ ಇದ್ದರೆ ನಾವು ಆ ಕಂದು ಗೆರೆಯನ್ನೂ ಕೂರಿಸಿ ಕೊಡುತ್ತೇವೆ, ಪಕ್ಕದ ಹಲ್ಲಿನ ಜೊತೆ ಬೆರೆತುಹೋಗುತ್ತದೆ.

ಸುರಪುರದಿಂದ

ಎಲ್ಲರ ಕೈಲೂ ಅಷ್ಟು ದುಡ್ಡು ಇರೋದಿಲ್ಲ. ನಮ್ಮ ಮುತ್ಯಾಗೆ ಹಲ್ಲು ಬಹಳ ಹೋಗಿದ್ದವು, ಬ್ರಿಡ್ಜಿಗೆ ಆಧಾರವೇ ಇರಲಿಲ್ಲ. ತೆಗೆದು ಹಾಕುವ ಸೆಟ್ ಮಾಡಿಸಿದೆವು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಉಚಿತ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬ್ರಿಡ್ಜೇ ಬೇಕಾದರೆ ಡೆಂಟಲ್ ಕಾಲೇಜು ನೋಡಿ. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ಡೆಂಟಲ್ ಕಾಲೇಜು, ಅಲ್-ಬದರ್, ಇಎಸ್‌ಐಸಿ ಇವೆ. ಬೀದರಿನವರಿಗೆ ನೌಬಾದಿನ ಎಸ್.ಬಿ. ಪಾಟೀಲ ಕಾಲೇಜು. ಅಲ್ಲಿ ಪ್ರೋಸ್ತೊಡಾಂಟಿಕ್ಸ್ ವಿಭಾಗ, ಅಂದರೆ ಕೃತಕ ಹಲ್ಲು ಕೂರಿಸುವ ವಿಭಾಗ ಅಂತ ಕೇಳಿ. ಓದುತ್ತಿರುವ ಡಾಕ್ಟರು ಮಾಡುತ್ತಾರೆ, ಸೀನಿಯರ್ ಪಕ್ಕದಲ್ಲೇ ನಿಂತು ನೋಡುತ್ತಾರೆ. ದುಡ್ಡು ಕಡಿಮೆ, ಓಡಾಟ ಜಾಸ್ತಿ.

ಕೇಳಿದವರು, ಶಹಾಪುರ

ಎಲ್ಲರಿಗೂ ಕೈಮುಗಿಯುತ್ತೇನೆ. ಎಕ್ಸ್‌-ರೇ ತೆಗೆಸಿದೆವು. ಮುಂದಿನ ಹಲ್ಲಿನಲ್ಲಿ ಹಳೆಯ ದೊಡ್ಡ ಫಿಲ್ಲಿಂಗ್ ಇದೆ, ಅದಕ್ಕೆ ಹೇಗೂ ಕ್ಯಾಪ್ ಬೇಕಂತೆ. ಹಿಂದಿನದು ಚೂರು ವಾಲಿದೆ, ಬೇರು ಗಟ್ಟಿ ಇದೆ. ಅದಕ್ಕೆ ಬ್ರಿಡ್ಜೇ ಅಂತ ಗಟ್ಟಿ ಮಾಡಿಕೊಂಡೆವು. ಶುಗರ್ ಪರೀಕ್ಷೆ ನಾಳೆ. ಎಕ್ಸ್‌-ರೇಯಲ್ಲಿ ವಾಲಿದ ಹಲ್ಲು ತೋರಿಸಿದ ಮೇಲೆ ಕಾಕಾ ಕೂಡ ಒಪ್ಪಿದರು. ಒಂದೇ ಪ್ರಶ್ನೆ ಉಳಿದಿದೆ: ಬ್ರಿಡ್ಜ್ ಒಳಗೆ ಕೆಟ್ಟರೆ ನಮಗೆ ಹೇಗೆ ಗೊತ್ತಾಗುತ್ತದೆ?

ಕಲಬುರಗಿಯಿಂದ

ಬಾಯಲ್ಲಿ ಆ ಕಡೆಯಿಂದ ಕೆಟ್ಟ ವಾಸನೆ, ಕೆಟ್ಟ ರುಚಿ ಬಂದರೆ ಮೊದಲು ಅದರ ಮೇಲೆ ಅನುಮಾನ ಪಡು. ಒಂದು ಕಡೆ ಸಿಮೆಂಟ್ ಬಿಟ್ಟು, ಇನ್ನೊಂದು ಕಡೆ ಹಿಡಿದಿರುತ್ತದೆ. ನೋಡಿದರೆ ಗಟ್ಟಿ ಅನಿಸುತ್ತದೆ, ಒಳಗೆ ಹುಳುಕು ನಡೆದಿರುತ್ತದೆ. ರೂಟ್ ಕೆನಾಲ್ ಆದ ಹಲ್ಲಾದರೆ ನೋವೂ ಬರೋದಿಲ್ಲ. ಡಾಕ್ಟರು ಬ್ರಿಡ್ಜ್ ಒತ್ತಿ, ಅಂಚಿನಲ್ಲಿ ಎಂಜಲಿನ ಗುಳ್ಳೆ ಏಳುತ್ತಾ ಅಂತ ನೋಡುತ್ತಾರೆ. ಗುಳ್ಳೆ ಬಂದರೆ ಸಡಿಲ ಆಗಿದೆ ಅಂತ ಅರ್ಥ. ಬೇಗ ಹೋದರೆ ಬಿಚ್ಚಿ ಮತ್ತೆ ಅಂಟಿಸಲು ಆಗಬಹುದು. ಆರು ತಿಂಗಳಿಗೊಮ್ಮೆ ತೋರಿಸುತ್ತಾ ಇರು. ಸೂಪರ್‌ಫ್ಲಾಸ್ ಶಹಾಪುರದಲ್ಲಿ ಸಿಗದಿದ್ದರೆ ಓರಲ್-ಬಿ ಕಂಪನಿಯದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಬ್ರಿಡ್ಜ್ ಕೂರಿಸುವ ದಿನಕ್ಕೆ ಮುಂಚೆಯೇ ತರಿಸಿಡು.