ಅಪ್‌ಡೇಟ್: ಕಾವಿಗೆ ಕೂತಿದ್ದ ಹ್ಯಾಟೆ (ಹೆಣ್ಣು ಕೋಳಿ) ಈಗ 9 ಮರಿಗಳ ತಾಯಿ

ಕಾವಿಗೆ ಕೂತ ನಾಟಿ ಹ್ಯಾಟೆಯ ಮಂಕರಿಗೇ (ಬುಟ್ಟಿಗೇ) ಬೇರೆ ಕೋಳಿಗಳೂ ಬಂದು ಮೊಟ್ಟೆ ಇಡುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದ ಹಾಗೆ ಕತ್ತಲಾದ ಮೇಲೆ ಮಂಕರಿ ಸಮೇತ ಬೇರೆ ಕೋಣೆಗೆ ಸಾಗಿಸಿದೆ. ಬೇರೆ ಮೊಟ್ಟೆ ಸೇರಿದರೆ ಗೊತ್ತಾಗಲಿ ಅಂತ 12 ಮೊಟ್ಟೆಗೂ ಪೆನ್ಸಿಲ್ ಗುರುತು ಹಾಕಿದೆ. 7ನೇ ದಿನ ಮೊಟ್ಟೆಗಳಿಗೆ ಟಾರ್ಚ್ ಬೆಳಕು ಹಿಡಿದು ನೋಡಿದಾಗ 2ರಲ್ಲಿ ಮರಿ ಬೆಳೆಯುತ್ತಿರಲಿಲ್ಲ, ತೆಗೆದೆ. ಉಳಿದವುಗಳಲ್ಲಿ ಜೇಡರ ಬಲೆಯಂಥ ಕೆಂಪು ನರಗಳು!

20ನೇ ರಾತ್ರಿ ಚಿಪ್ಪಿನೊಳಗಿಂದ ಚಿಂವ್ ಚಿಂವ್. ಬಿಡಿಸೋಣ ಅನಿಸಿತು, ಕೈ ಹಾಕಲಿಲ್ಲ. ಮರುದಿನ 9 ಮರಿ. ಒಂದು ಒಳಗೇ ಸತ್ತಿತ್ತು, ತುಂಬಾ ಬೇಜಾರಾಯಿತು.

ಮರಿ ಮುಳುಗದಿರಲಿ ಅಂತ ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದ್ದೇನೆ. ತಾಯಿ ನುಚ್ಚು ಎತ್ತಿ, ಮತ್ತೆ ಕೆಳಗೆ ಹಾಕಿ, ಕೊಕ್ ಕೊಕ್ ಅಂತ ಕರೆಯುತ್ತದೆ. ಎಲ್ಲವೂ ಓಡಿ ಬರುತ್ತವೆ. ತುಂಬಾ ಥ್ಯಾಂಕ್ಸ್.