ಸಹಾಯ ಬೇಕು: ಶಿರಸಿಯಲ್ಲಿ ಐಎಸ್‌ಐ ಗುರುತಿನ ಆಟಿಕೆ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಾರಿಕಾಂಬಾ ಜಾತ್ರೆಯಲ್ಲಿ ಅವಳ ಅಜ್ಜ ಲೈಟು ಹತ್ತುವ ಬಾತುಕೋಳಿ ಕೊಡಿಸಿದ್ದರು. ನಿನ್ನೆ ಅದು ಜಗಲಿಯಲ್ಲಿ ಬಿದ್ದು, ಹೊಟ್ಟೆಯಡಿಯ ಮುಚ್ಚಳ ಕಳಚಿ, ಮೂರು ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಉರುಳಿದವು. ಮುಚ್ಚಳಕ್ಕೆ ಸ್ಕ್ರೂನೇ ಇಲ್ಲ! ಎರಡು ತಕ್ಷಣ ಸಿಕ್ಕವು. ಮೂರನೆಯದಕ್ಕೆ ಚಾಪೆ ಕೊಡವಿ, ಅಡಿಕೆ ಚೀಲ ಸರಿಸಿ ಹುಡುಕುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಅಜ್ಜನ ಚಪ್ಪಲಿ ಪಕ್ಕ ಸಿಕ್ಕಿತು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಅಂಥಾ ವಸ್ತು ಅದು.

2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಜೊತೆಗಿರುವ ಲೈಸೆನ್ಸ್ ನಂಬರನ್ನು ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನಮ್ಮ ಬಾತುಕೋಳಿ ಮೇಲೆ ಗುರುತೂ ಇಲ್ಲ, ನಂಬರೂ ಇಲ್ಲ.

ಪೇಟೆಯಲ್ಲಿ ಗುರುತಿರುವ ಆಟಿಕೆ ಇಡುವ ಅಂಗಡಿ ಯಾರಿಗಾದರೂ ಗೊತ್ತಾ? ಕುಮಟಾ, ಕಾರವಾರ ಆದರೂ ಅಡ್ಡಿಯಿಲ್ಲ. ಚನ್ನಪಟ್ಟಣದ ಮರದ ಗೊಂಬೆ ಸಿಕ್ಕರೆ ಇನ್ನೂ ಖುಷಿ. ಹಳೇ ಸೆಲ್ ನೀವೆಲ್ಲ ಎಲ್ಲಿ ಹಾಕುತ್ತೀರಿ?

ಮತ್ತೆ, ಅಜ್ಜನಿಗೆ ಬೇಜಾರಾಗದ ಹಾಗೆ ಬಾತುಕೋಳಿ ಮಾಯ ಮಾಡೋದು ಹೇಗೆ? ಸದ್ಯಕ್ಕೆ ಅಟ್ಟದ ಮೇಲಿದೆ.