ಸಿಇಟಿ, ನೀಟ್, ಜೆಇಇ: ಮಗಳು ಮೂರನ್ನೂ ಬರೆಯಬೇಕಾ?

ಪ್ರಶ್ನೆ (ಆಲೂರಿನ ಅಪ್ಪ)

ನಮಸ್ಕಾರ. ಮಗಳು ಹಾಸನದಲ್ಲಿ ಸೆಕೆಂಡ್ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಕೊಟ್ಟಿಗೆ ಬಿಟ್ಟು ಬರಲ್ಲ, ಅಷ್ಟು ಹಸು ಅಂದ್ರೆ ಇಷ್ಟ. ವೆಟರ್ನರಿ, ಇಲ್ಲವಾದರೆ ಬಿಎಸ್‌ಸಿ ಅಗ್ರಿ ಓದುತ್ತೇನೆ ಅನ್ನುತ್ತಾಳೆ. ಕೋಚಿಂಗ್‌ನವರು ಮೂರು ಪರೀಕ್ಷೆಗೂ ಸೇರಿಸಿ ಅಂತಿದ್ದಾರೆ. ಈ ಸಲ ಮೆಣಸು ಕೈಕೊಟ್ಟಿದೆ, ಫೀಸು ಜಾಸ್ತಿಯಾಯಿತು. ಯಾವುದು ನಿಜವಾಗಿ ಬೇಕು?

ಉತ್ತರ (ಚಿಕ್ಕಮಗಳೂರು, ಪಿಯು ಫಿಸಿಕ್ಸ್ ಲೆಕ್ಚರರ್)

ಸರ್, ಜೆಇಇ ಬಿಟ್ಟುಬಿಡಿ. ಸುರತ್ಕಲ್ ಎನ್‌ಐಟಿಯಂಥ ಕಡೆ ಎಂಜಿನಿಯರಿಂಗ್ ಮಾಡುವವರಿಗೆ ಅದು. ನಿಮ್ಮ ಮಗಳಿಗೆ ಮುಖ್ಯ ಸಿಇಟಿ, ರಾಜ್ಯದ ವೆಟರ್ನರಿ, ಅಗ್ರಿ ಸೀಟಿಗೆ ಅದೇ ದಾರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದೂ ಖಾಲಿ ಬಿಡಬಾರದು. ನಾಲ್ಕೂ ವಿಷಯ ಬರೆಯಲಿ.

ನೀಟ್ ಬೇರೆ ಥರ. 180 ಪ್ರಶ್ನೆ, 720 ಅಂಕ. ಸರಿಗೆ 4, ತಪ್ಪಿಗೆ 1 ಕಡಿತ. ಅಲ್ಲಿ ಸುಮ್ನೆ ಊಹಿಸಿದರೆ ಕೈಸುಡುತ್ತದೆ. ಆದರೂ ಬರೆಸಿ. ಸರ್ಕಾರಿ ವೆಟರ್ನರಿ ಕಾಲೇಜುಗಳ ಶೇ. 15ರಷ್ಟು ಸೀಟು ನೀಟ್ ಮೇಲೆ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದಕ್ಕಂತ ಬೇರೆ ಕೋಚಿಂಗ್ ಬೇಕಿಲ್ಲ. ಪಿಯು ಸೈನ್ಸ್ ಪುಸ್ತಕಗಳೇ ಎನ್‌ಸಿಇಆರ್‌ಟಿಯವು. ಅದನ್ನೇ ಸಾಲುಸಾಲು ಓದಲಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಸಿಇಟಿ ರ‍್ಯಾಂಕಿನಲ್ಲಿ ಪಿಯು ಅಂಕಕ್ಕೂ ಅರ್ಧ ತೂಕ ಇದೆ. ಕೋಚಿಂಗ್‌ಗಾಗಿ ಕಾಲೇಜು ಲ್ಯಾಬ್, ಟೆಸ್ಟ್ ತಪ್ಪಿಸುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅರ್ಧ ರ‍್ಯಾಂಕು ಆ ಕ್ಲಾಸಿನಲ್ಲೇ ಇದೆ, ಅಲ್ವಾ?

ಉತ್ತರ (ಕಾರೇಕೆರೆ, ಬಿಎಸ್‌ಸಿ ಅಗ್ರಿ ವಿದ್ಯಾರ್ಥಿನಿ)

ಅಂಕಲ್, ಮೇಷ್ಟ್ರು ಹೇಳಿದ್ದು ಸರಿ. ಜಮೀನು ನಿಮ್ಮದೇ ಆದರೆ ಅರ್ಜಿಯಲ್ಲಿ ಕೃಷಿಕರ ಕೋಟಾ ಮರೆಯದೆ ಹಾಕಿಸಿ. ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಇದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ಗದ್ದೆಯಲ್ಲಿ ಬೆಳೆದವಳಿಗೆ ಕಷ್ಟವಲ್ಲ. ಆದರೂ ಹೆಸರು ಕೇಳಿ ಕೇಳಿ ಕಲಿಯಲಿ.

ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾವೂ ಸಿಗುತ್ತದೆ. ಕನ್ನಡ ಮಾಧ್ಯಮಕ್ಕೂ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಆಮೇಲೆ ಅಂತ ಬಿಡಬೇಡಿ, ಈಗಲೇ ಮಾಡಿಸಿಡಿ.

ಆಲೂರಿನ ಅಪ್ಪ

ತುಂಬಾ ಉಪಕಾರವಾಯಿತು. ಅವಳು ಹತ್ತರವರೆಗೂ ನಮ್ಮೂರ ಕಡೆಯೇ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಸೋಮವಾರವೇ ಶಾಲೆಗೆ ಹೋಗುತ್ತೇನೆ. ಕೋಚಿಂಗ್ ಸಿಇಟಿಗೊಂದೇ ಸಾಕು ಅಂತ ಅವರಿಗೆ ಹೇಳುತ್ತೇನೆ, ನೀಟ್ ಮನೆಯಲ್ಲೇ ಓದಿ ಬರೆಯಲಿ.